ಮಂಡಿನೋವಿನ ಪುಡಿ

ಆಪರೇಷನ್ನಿಗೆ ಬಂದವರನ್ನು ನಾನು ಮೊದಲು ಕೇಳುವುದು ಹೆಸರನ್ನಲ್ಲ, ಊರನ್ನೂ ಅಲ್ಲ, ಮಾತ್ರೆಯ ಚೀಲವನ್ನು. ಮನೆಯಲ್ಲಿ ಏನೇನು ನುಂಗುತ್ತೀರೋ ಅಷ್ಟನ್ನೂ ಒಂದು ಚೀಲಕ್ಕೆ ಹಾಕಿಕೊಂಡು ತನ್ನಿ ಎಂದು ನರ್ಸ್ ಕೈಲಿ ಮುಂಚೆಯೇ ಹೇಳಿಸಿರುತ್ತೇನೆ. ಅರಿವಳಿಕೆ ಕೊಡುವುದು ನನ್ನ ಕೆಲಸ. ನನಗೆ ಸ್ವಂತ ಆಸ್ಪತ್ರೆ ಇಲ್ಲ, ಬೋರ್ಡಿಲ್ಲ, ಕೂರಲು ಒಂದು ಕುರ್ಚಿಯೂ ಇಲ್ಲ. ಶಿವಮೊಗ್ಗ ಮತ್ತು ಭದ್ರಾವತಿಯ ನರ್ಸಿಂಗ್ ಹೋಮುಗಳಿಂದ ಫೋನ್ ಬರುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೋಗುತ್ತೇನೆ, ಮಲಗಿಸುತ್ತೇನೆ, ಎಬ್ಬಿಸುತ್ತೇನೆ, ಶಿವಮೊಗ್ಗದ ಹೊಸಮನೆ ಬಡಾವಣೆಯ ನನ್ನ ಮನೆಗೆ ವಾಪಸು ಬಂದು ಬೀಗ ತೆಗೆಯುತ್ತೇನೆ. ಬಾಗಿಲು ತೆಗೆಯುವವರು ಬೇರೆ ಯಾರೂ ಇಲ್ಲದ್ದರಿಂದ ಬೀಗದ ಕೈ ಯಾವಾಗಲೂ ನನ್ನ ಹತ್ತಿರವೇ ಇರುತ್ತದೆ.

ಆ ಚೀಲದ ವಿಷಯಕ್ಕೆ ಸರ್ಜನ್‌ಗಳು ನನ್ನನ್ನು ಗೇಲಿ ಮಾಡುವುದುಂಟು. ಮೇಡಂ ಇನ್ನೇನು ಮೆಡಿಕಲ್ ಶಾಪ್ ತೆಗೆಯುತ್ತಾರೆ ಎನ್ನುತ್ತಾರೆ. ಅವರಿಗೇನು, ಅವರು ಕೊಯ್ದು ಹೊಲಿಯುವವರು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಕೆಲವರು ದಿನಗಟ್ಟಲೆ ಮುಂಚೆ ನಿಲ್ಲಿಸಬೇಕು, ಕೆಲವರು ನಿಲ್ಲಿಸಲೇ ಬಾರದು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಖಾಲಿ ಹೊಟ್ಟೆಯ ಬೆಳಿಗ್ಗೆ ಅಭ್ಯಾಸಬಲದಿಂದ ನುಂಗಿಬಿಟ್ಟರೆ ಸಕ್ಕರೆ ಪಾತಾಳ ಮುಟ್ಟುತ್ತದೆ. ಬಿ.ಪಿ. ಮಾತ್ರೆಗಳಲ್ಲಿ ಕೆಲವನ್ನು ಅಂದು ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಬೇಕು, ಕೆಲವನ್ನು ಬಿಡಬೇಕು. ಇಷ್ಟು ತಿಳಿಯಬೇಕಾದರೆ ಯಾವ ಮಾತ್ರೆ ಎಂದು ಗೊತ್ತಿರಬೇಕಲ್ಲ? ನಮ್ಮ ಕಡೆ ನಾಲ್ಕು ಮಾತ್ರೆ ಕೇಳಿದರೆ ಅಂಗಡಿಯವರು ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಹೆಸರಿರುವ ತುದಿ ಅಂಗಡಿಯಲ್ಲಿ ಉಳಿಯುತ್ತದೆ, ಹೆಸರಿಲ್ಲದ ಮಾತ್ರೆ ಮನೆಗೆ ಬರುತ್ತದೆ. ನಾನು ಮಂಚದ ಮೇಲೆ ಟವೆಲ್ ಹಾಸಿ ಚೀಲವನ್ನು ಅದರ ಮೇಲೆ ಸುರಿದು, ಬಣ್ಣ, ಗಾತ್ರ, ಗೀಟು ನೋಡಿ ಗುರುತು ಹಿಡಿಯುತ್ತೇನೆ. ಕುಂಸಿ ಕಡೆಯ ಒಬ್ಬರ ಚೀಲದಲ್ಲಿ ಒಮ್ಮೆ ಹಸುವಿಗೆ ತಂದಿದ್ದ ಗುಳಿಗೆಯೂ ಸಿಕ್ಕಿತ್ತು. ಅವರು ಅದನ್ನು ನುಂಗಿರಲಿಲ್ಲ. ಎಲ್ಲ ತನ್ನಿ ಅಂದಿದ್ದಕ್ಕೆ ಎಲ್ಲ ತಂದಿದ್ದರು, ಅಷ್ಟೇ.

ಈಗ ಹೇಳಹೊರಟಿರುವ ಹೆಂಗಸಿನ ಚೀಲದಲ್ಲಿ ಅಂಥದ್ದೇನೂ ಇರಲಿಲ್ಲ. ತೊಂದರೆಯಾದದ್ದೇ ಅಲ್ಲಿಂದ.

ಭದ್ರಾವತಿಯ ಒಂದು ಸಣ್ಣ ನರ್ಸಿಂಗ್ ಹೋಮ್. ಪಿತ್ತಕೋಶದಲ್ಲಿ ಕಲ್ಲು, ಮರುದಿನ ಬೆಳಿಗ್ಗೆ ಲ್ಯಾಪ್ರೋಸ್ಕೋಪಿ ಮಾಡಿ, ಹೊಟ್ಟೆಗೆ ಗ್ಯಾಸ್ ತುಂಬಿ ಸಣ್ಣ ತೂತುಗಳಿಂದಲೇ ತೆಗೆಯುವುದೆಂದು ನಿಶ್ಚಯವಾಗಿತ್ತು. ನಾನು ಹಿಂದಿನ ದಿನ ಮಧ್ಯಾಹ್ನವೇ ಹೋಗಿ ನೋಡಿದೆ. ಅರವತ್ತರ ಹತ್ತಿರದ ಮುಸ್ಲಿಂ ಹೆಂಗಸು. ಗುಂಡು ಮುಖ, ಕೆಂಪಡರಿದ ಕೆನ್ನೆ, ನೋಡಿದರೆ ತುಂಬಿದ ಮನೆಯ ಯಜಮಾನಿಯ ಕಳೆ. ಗಂಡ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡವರು. ಜೊತೆಗಿದ್ದ ಮಗ ಬೈಕ್ ಮೆಕ್ಯಾನಿಕ್, ಉಗುರಿನ ಸಂದಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಂಡು ಬಂದಿದ್ದ. ಬಟ್ಟೆ ಅಂಗಡಿಯ ಹಳದಿ ಚೀಲದಿಂದ ಬಿ.ಪಿ.ಗೆ ಎರಡು ಮಾತ್ರೆ, ಸಕ್ಕರೆಗೆ ಒಂದು, ಗ್ಯಾಸಿಗೆ ಒಂದು ಹೊರಬಂದವು. ಎಲ್ಲಕ್ಕೂ ಹೆಸರಿತ್ತು. ಮಗ ಅಚ್ಚುಕಟ್ಟಾಗಿ ರಬ್ಬರ್ ಬ್ಯಾಂಡ್ ಸುತ್ತಿ ತಂದಿದ್ದ.

"ಒಂದು ವಾರದಿಂದ ಊಟ ಸೇರ್ತಿಲ್ಲ ಮೇಡಂ. ವಾಂತಿ. ಎದ್ದು ನಿಂತ್ರೆ ಕಣ್ಣು ಕತ್ತಲೆ ಬರತ್ತೆ ಅಂತಾರೆ," ಎಂದ ಮಗ.

"ಪಿತ್ತಕೋಶ ಅಲ್ವಾ, ಹಾಗೇ ಇರತ್ತೆ," ಎಂದರು ಅಲ್ಲೇ ಇದ್ದ ಸರ್ಜನ್.

ಎರಡೆರಡು ಮಾತ್ರೆ ತಿನ್ನುವವರಿಗೆ ಇರಬೇಕಾದ್ದಕ್ಕಿಂತ ಬಿ.ಪಿ. ಕಡಿಮೆ ಇತ್ತು. ಸಕ್ಕರೆಯೂ ಕೆಳಗಿನ ಅಂಚಿನಲ್ಲಿತ್ತು. ಊಟವಿಲ್ಲದೆ ಮಾತ್ರೆ ಮುಂದುವರಿಸಿದರೆ ಇನ್ನೇನಾಗುತ್ತದೆ ಎಂದು ನಾನೂ ಅಂದುಕೊಂಡೆ. ಸಂಜೆಯ ಸಕ್ಕರೆ ಮಾತ್ರೆ ಬೇಡ, ಬಿ.ಪಿ.ಯದೂ ಎರಡೂ ಬೇಡ, ಬೆಳಿಗ್ಗೆ ನಾನು ನೋಡಿ ಹೇಳುವ ತನಕ ಏನನ್ನೂ ಕೊಡಬೇಡಿ ಎಂದು ಮಗನಿಗೆ ಹೇಳಿ, ಅವನ ಬಾಯಿಂದ ಒಮ್ಮೆ ಹೇಳಿಸಿದೆ. ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ಕಳಿಸಿ ಎಂದೂ ನರ್ಸ್‌ಗೆ ಹೇಳಿದೆ. ಆಮೇಲೆ ಕೊನೆಯ ಪ್ರಶ್ನೆ.

"ನಾಟಿ ಔಷಧ, ಕಷಾಯ, ಲೇಹ್ಯ, ಪುಡಿ, ಇಂಥದ್ದೇನಾದ್ರೂ ತಗೋತೀರಾ ಅಮ್ಮಾ?"

"ಇಲ್ಲ ಡಾಕ್ಟ್ರಮ್ಮಾ."

"ಹಿಂದೆ ಯಾವಾಗ್ಲಾದ್ರೂ?"

ಆಕೆ ಮಗನ ಕಡೆ ನೋಡಿದರು. "ತೋಬಾ! ಯಾವತ್ತೂ ಇಲ್ಲ."

"ಅಂಥದ್ದೆಲ್ಲ ನಾನು ಬಿಡಲ್ಲ ಮೇಡಂ," ಎಂದ ಮಗ. "ಒಂದ್ಸಲ ಪಕ್ಕದ ಮನೆಯೋರು ಯಾವ್ದೋ ಎಣ್ಣೆ ಕೊಟ್ಟಿದ್ರು. ಮೋರಿಗೆ ಸುರಿದುಬಿಟ್ಟೆ."

ಒಳ್ಳೆಯ ಮಗ ಎಂದುಕೊಂಡೆ. ಶಿವಮೊಗ್ಗದ ಕಡೆ ಗಾಡಿ ತಿರುಗಿಸಿದಾಗ ಏನೋ ಒಂದು ಕೂಡಿಬರುತ್ತಿಲ್ಲ ಅನ್ನಿಸುತ್ತಲೇ ಇತ್ತು. ಜ್ವರವಿಲ್ಲ, ಹೊಟ್ಟೆ ಮೆತ್ತಗಿದೆ, ಆದರೂ ಈ ಪಾಟಿ ಸುಸ್ತು. ಇಂಥ ಹೊತ್ತಿನಲ್ಲಿ ಯಾರ ಹತ್ತಿರವಾದರೂ ಬಾಯಿಬಿಟ್ಟು ಹೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ದೊಡ್ಡ ಆಸ್ಪತ್ರೆಯಲ್ಲಿದ್ದರೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಪಕ್ಕದವರನ್ನು ಕೇಳಬಹುದು. ಊರೂರು ಸುತ್ತುವ ನನ್ನಂಥವರಿಗೆ ಪಕ್ಕದವರೇ ಇರುವುದಿಲ್ಲ. ನನ್ನ ಕೆಲಸ ಬಲ್ಲ ಹಿರಿಯರೊಬ್ಬರು ಶಿವಮೊಗ್ಗದಲ್ಲೇ ಇದ್ದಾರೆ. ಈ ಕೆಲಸದ ಎಷ್ಟೋ ಪಟ್ಟುಗಳನ್ನು ನನಗೆ ಕಲಿಸಿದವರೂ ಅವರೇ. ಅವರು ಹೋಗುತ್ತಿದ್ದ ಎರಡು ನರ್ಸಿಂಗ್ ಹೋಮುಗಳು ನನ್ನನ್ನು ಕರೆಯತೊಡಗಿದ ಮೇಲೆ ನಮ್ಮ ನಡುವೆ ಮಾತು ನಿಂತಿತು. ಮದುವೆಮನೆಗಳಲ್ಲಿ ಅವರು ಮೊದಲ ಪಂಕ್ತಿಗೆ ಕೂತರೆ ನಾನು ಎರಡನೆಯದಕ್ಕೆ ಕಾಯುತ್ತೇನೆ. ಹೀಗೆ ವರ್ಷಗಳೇ ಆಗಿವೆ.

ಮರುದಿನ ಬೆಳಿಗ್ಗೆ ಹೋಗುವಷ್ಟರಲ್ಲಿ ಬಿ.ಪಿ. ಇನ್ನೂ ಕುಸಿದಿತ್ತು. ಮೇಲಿನದು ತೊಂಬತ್ತೂ ಇರಲಿಲ್ಲ, ನಾಡಿ ಓಡುತ್ತಿತ್ತು, ಸಕ್ಕರೆ ಅರವತ್ತರ ಆಸುಪಾಸು. ಯಾವ ಮಾತ್ರೆಯನ್ನೂ ಕೊಟ್ಟಿಲ್ಲವೆಂದು ಮಗ ತಾಯಿಯ ತಲೆ ಮುಟ್ಟಿ ಹೇಳಿದ. ಗ್ಲೂಕೋಸ್ ಕೊಟ್ಟು, ಸಲೈನ್ ಜೋರಾಗಿ ಬಿಟ್ಟೆ. ಉಪವಾಸಕ್ಕೆ ಹೀಗಾಗಿದೆ, ಒಂದೆರಡು ಬಾಟಲಿ ಹೋದರೆ ಸರಿಹೋಗುತ್ತದೆ ಎಂದು ಸರ್ಜನ್ ಬಟ್ಟೆ ಬದಲಿಸಲು ಹೋದರು. ಎರಡು ಬಾಟಲಿ ಹೋಯಿತು, ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಆಗ ನರ್ಸ್ ಬಾಗಿಲಿಂದ ತಲೆ ಹಾಕಿದಳು. "ಮೇಡಂ, ಪೇಷಂಟ್ ಅಕ್ಕ ಬಂದಿದಾರೆ. ಒಂದ್ನಿಮಿಷ ಒಳಗೆ ಬಿಡ್ಲಾ?"

ಒಳಗೆ ಬಂದವರ ಹಣೆಯಲ್ಲಿ ಕಾಸಿನಗಲ ಕುಂಕುಮ, ಮುಡಿಯಲ್ಲಿ ಮಲ್ಲಿಗೆ.

"ಅಕ್ಕ ಅಲ್ಲಮ್ಮಾ," ಎಂದು ನಕ್ಕರು ಆಕೆ. "ನಾನು ತಮಿಳ್ನೋಳು, ಅವ್ರು ಸಾಬ್ರ ಮನೆಯೋರು. ಪಕ್ಕದ್ ಮನೆ ಅಷ್ಟೆ."

"ಅಯ್ಯೋ ದೇವ್ರೇ, ಮುಖ ಒಂದೇ ಅಚ್ಚು!" ಎಂದು ನರ್ಸ್ ನಾಲಿಗೆ ಕಚ್ಚಿಕೊಂಡಳು.

ನಾನು ಇಬ್ಬರನ್ನೂ ನೋಡಿದೆ. ಅದೇ ಗುಂಡು ಮುಖ, ಅದೇ ಕೆಂಪು ಕೆನ್ನೆ, ಕೆನ್ನೆಯ ಮೇಲೆ ಅದೇ ನವಿರು ರೋಮ. ಕುತ್ತಿಗೆಯ ಹಿಂದೆ ಇಬ್ಬರಿಗೂ ಕೊಬ್ಬಿನ ಗುಬುಟು. ದೇಹ ಇಷ್ಟು ತುಂಬಿದ್ದರೂ ಕೈಕಾಲು ಮಾತ್ರ ಸಣ್ಣ. ಬಂದವರು ಗೆಳತಿಯ ಹಣೆ ಸವರಲು ಕೈ ಚಾಚಿದಾಗ ಬಳೆಗಳು ಹಿಂದೆ ಸರಿದವು. ಮುಂಗೈಯಲ್ಲಿ ಹಳದಿ, ನೇರಳೆ ಕಲೆಗಳು. ಬಳೆ ತಗುಲಿದರೂ ಹೆಪ್ಪುಗಟ್ಟುವಷ್ಟು ತೆಳುವಾದ ಚರ್ಮ. ಮಂಚದ ಮೇಲಿದ್ದವರ ತೋಳಿನ ಬಟ್ಟೆ ಸರಿಸಿ ನೋಡಿದರೆ ಅಲ್ಲೂ ಅದೇ. ಅದನ್ನು ನಾನು ಹಿಂದಿನ ದಿನ ರಕ್ತ ತೆಗೆದ ಗುರುತು ಎಂದುಕೊಂಡಿದ್ದೆ. ಬೇರೆ ಬೇರೆ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಒಂದೇ ಮುಖ ಬರಬೇಕಾದರೆ ಇಬ್ಬರೂ ಒಂದೇ ವಸ್ತುವನ್ನು ವರ್ಷಗಟ್ಟಲೆ ತಿಂದಿರಬೇಕು. ಅದು ಸ್ಟೀರಾಯ್ಡ್ ತರುವ ಮುಖ.

ನೇರವಾಗಿ ಕೇಳಿದರೆ ಹಿಂದಿನ ದಿನದ ಉತ್ತರವೇ ಬರುತ್ತದೆ. ಪಕ್ಕದ ಮನೆಯವರು ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ನಾನೂ ಪಕ್ಕದಲ್ಲಿ ಕೂತು, ಮಂಡಿ ಹಿಡಿದುಕೊಂಡು ಅಮ್ಮಾ ಎಂದು ನರಳಿದೆ.

"ಏನಾಯ್ತು ಮೇಡಂ?"

"ಮೆಟ್ಟಿಲು ಹತ್ತಿ ಇಳಿದು ಮಂಡಿ ಹೋಗ್ಬಿಟ್ಟಿದೆ. ನಿಮಗೇನೂ ನೋವಿಲ್ವಾ?"

"ಅಯ್ಯೋ, ಮುಂಚೆ ನಮ್ಗೂ ಇತ್ತು. ನೆಲದಲ್ಲಿ ಕೂತ್ರೆ ಎತ್ತಕ್ಕೆ ಇಬ್ರು ಬೇಕಿತ್ತು. ಈಗ ಏನಿಲ್ಲ."

"ಏನ್ ಮಾಡಿದ್ರಿ?"

ಆಕೆ ಕಾರಿಡಾರಿನ ಎರಡೂ ತುದಿ ನೋಡಿದರು. ಆಮೇಲೆ ಸೊಂಟದ ಪರ್ಸಿನಿಂದ ಪೇಪರ್ ಚೂರಿನಲ್ಲಿ ಕಟ್ಟಿದ್ದ ಒಂದು ಪೊಟ್ಟಣ ತೆಗೆದು ನನ್ನ ಅಂಗೈಯಲ್ಲಿಟ್ಟು ಮುಚ್ಚಿದರು. "ಇಟ್ಕೊಳಿ. ನಮ್ ತಮ್ಮ ಊರಿಂದ ಬಸ್ಸಲ್ಲಿ ಹಾಕ್ತಾನೆ. ಬೆಳಿಗ್ಗೆ ಬಿಸಿನೀರಲ್ಲಿ ಒಂದ್ ಚಿಟಿಕೆ. ಆಮೇಲೆ ಮಂಡಿ ಎಲ್ಲಿದೆ ಅಂತ ನೀವೇ ಹುಡುಕ್ಬೇಕು! ನಮ್ ಸಾಲಲ್ಲಿ ಎಲ್ರಿಗೂ ನಾನೇ ಹಂಚೋದು."

"ಒಳಗಿರೋ ಅಮ್ಮನಿಗೂ?"

ಆಕೆ ಕೈ ಹಿಂದಕ್ಕೆ ಎಳೆದುಕೊಂಡರು.

"ನಾನು ಸುಳ್ಳು ಹೇಳಿದೆ ಅಮ್ಮಾ," ಎಂದೆ. "ನನ್ನ ಮಂಡಿ ಚೆನ್ನಾಗಿದೆ. ಚೆನ್ನಾಗಿಲ್ಲದಿರೋದು ನಿಮ್ಮ ಗೆಳತಿ."

ನೋವೆಂದ ಕೂಡಲೇ ಗುರುತಿಲ್ಲದವಳಿಗೂ ಪೊಟ್ಟಣ ಬಿಚ್ಚಿದವರನ್ನು ಹೀಗೆ ಮೋಸದಿಂದ ಹಿಡಿದದ್ದಕ್ಕೆ ನನಗೆ ನಾಚಿಕೆಯಾಯಿತು. ಆಕೆ ಅಳುತ್ತಲೇ ಎಲ್ಲ ಹೇಳಿದರು. ಮೂರು ನಾಲ್ಕು ವರ್ಷದಿಂದ ಇಬ್ಬರೂ ತಿನ್ನುತ್ತಿದ್ದರು. ಮೊದಲ ಸಲ ಇಲ್ಲಿಗೆ ತೋರಿಸಲು ಬಂದಾಗ ಕೌಂಟರಿನಲ್ಲಿ, ಆಪರೇಷನ್ನಿಗೆ ಮುಂಚೆ ನಾಟಿ ಔಷಧವನ್ನೆಲ್ಲ ಬಿಡಬೇಕು ಎಂದಿದ್ದರಂತೆ. ಎಲ್ಲ ಆಸ್ಪತ್ರೆಯಲ್ಲೂ ಹೇಳುವ ಮಾತೇ ಅದು, ನಾನೂ ಹೇಳುತ್ತೇನೆ. ಮಾತು ಕೇಳುವ ಹೆಂಗಸು, ಅಂದಿನಿಂದಲೇ ಪುಡಿ ಮುಟ್ಟಿರಲಿಲ್ಲ.

"ಬಿಟ್ಬಿಡಿ ಅಕ್ಕಾ, ಡಾಕ್ಟ್ರು ಹೇಳಿದ್ ಮೇಲೆ ಮುಗೀತು ಅಂತ ನಾನೇ ಅಂದೆ. ಅವ್ರ ಮಗನ್ಗೆ ಹೇಳ್ಬೇಡಿ ಮೇಡಂ. ಎಣ್ಣೆ ಕೊಟ್ಟಾಗ್ಲೇ ನಮ್ ಮನೆಗೆ ಹೋಗ್ಬೇಡ ಅಂತ ಅವ್ರ ಅಮ್ಮನ್ಗೆ ಅಂದಿದ್ದ. ಫ್ಯಾಕ್ಟ್ರಿ ಕ್ವಾರ್ಟರ್ಸಲ್ಲಿ ಎಲ್ಲಾ ಖಾಲಿ ಮಾಡ್ಕೊಂಡ್ ಹೋದ್ರು. ನಮ್ ಸಾಲಲ್ಲಿ ಈಗ ಇರೋದೇ ನಾಲ್ಕ್ ಮನೆ. ಅವ್ರೂ ಮಾತು ಬಿಟ್ರೆ ನಾನ್ ಯಾರ್ ಹತ್ರ ಮಾತಾಡ್ಲಿ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಾತಾಡಲು ಯಾರೂ ಇಲ್ಲದಿರುವುದು ಏನೆಂದು ನನಗೆ ಬೇರೆಯವರು ವಿವರಿಸಬೇಕಾಗಿರಲಿಲ್ಲ.

ಪುಡಿಯಲ್ಲಿ ಏನು ಬೆರೆಸಿದ್ದರೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ನೋವು ಮಾಯ ಮಾಡುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಸೇರಿಸುವುದು ಹೊಸ ಸಂಗತಿಯಲ್ಲ. ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿ ನಮಗೆ ಬೇಕಾದ ಸ್ಟೀರಾಯ್ಡನ್ನು ದಿನಾ ತಯಾರಿಸುತ್ತದೆ. ಹೊರಗಿನಿಂದ ವರ್ಷಗಟ್ಟಲೆ ಬರುತ್ತಿದ್ದರೆ ಅದು ಕೆಲಸ ಬಿಟ್ಟು ಮಲಗುತ್ತದೆ. ದಿನಾ ಹೋಟೆಲಿನಿಂದ ಊಟ ತರಿಸುವ ಮನೆಯಲ್ಲಿ ಒಲೆ ಹಚ್ಚುವ ರೂಢಿಯೇ ತಪ್ಪಿಹೋದ ಹಾಗೆ. ಒಂದು ದಿನ ಹೋಟೆಲ್ ಮುಚ್ಚಿದರೆ ಆ ಮನೆಯವರು ಉಪವಾಸ. ಈಕೆಗೆ ಆದದ್ದು ಅದೇ. ವಾಂತಿ, ಸುಸ್ತು, ಕುಸಿಯುವ ಬಿ.ಪಿ., ಇಳಿಯುವ ಸಕ್ಕರೆ, ಎಲ್ಲದಕ್ಕೂ ಈಗ ಒಂದೇ ಕಾರಣ ಹೊಂದುತ್ತಿತ್ತು. ಬಿ.ಪಿ., ಸಕ್ಕರೆ ಏರಿದ್ದರಲ್ಲಿ ಆ ಪುಡಿಯ ಕೈವಾಡವೂ ಇದ್ದಿರಬೇಕು. ಪುಡಿ ನಿಂತಿತು, ಮಾತ್ರೆಗಳು ಮಾತ್ರ ಹಳೆಯ ಲೆಕ್ಕದಲ್ಲೇ ಹೊಟ್ಟೆಗೆ ಹೋಗುತ್ತಿದ್ದವು. ಇಂಥ ದೇಹಕ್ಕೆ ಅರಿವಳಿಕೆ ಕೊಟ್ಟು ಹೊಟ್ಟೆಗೆ ಗ್ಯಾಸ್ ತುಂಬಿದರೆ ಬಿ.ಪಿ. ಬಿದ್ದುಹೋಗಬಹುದು, ಏನು ಮಾಡಿದರೂ ಮೇಲೇಳದೆ ಇರಬಹುದು.

ಆ ಗ್ರಂಥಿಯ ಸ್ಟೀರಾಯ್ಡ್ ಎಷ್ಟಿದೆಯೆಂದು ತಿಳಿಯಲು, ಹೊರಗಿನದನ್ನು ಕೊಡುವ ಮುಂಚೆಯೇ ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ತೆಗೆದೆ. ಅದು ಶಿವಮೊಗ್ಗದ ಲ್ಯಾಬಿಗೆ ಹೋಗಬೇಕು, ಫಲಿತಾಂಶ ಮರುದಿನ. ಅಲ್ಲಿಯ ತನಕ ಕಾಯುವಂತಿರಲಿಲ್ಲ. ಕೆಳಗಿನ ಮೆಡಿಕಲ್ಸಿನಿಂದ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ತರಿಸಿ ನರಕ್ಕೆ ಕೊಟ್ಟು, ಸಲೈನ್ ಮುಂದುವರಿಸಿ, ಮಂಚದ ಪಕ್ಕ ನಿಂತೆ. ಮಾನಿಟರಿನ ಪಟ್ಟಿ ತೋಳನ್ನು ಬಿಗಿದು ಬಿಡುವುದನ್ನು ನೋಡುತ್ತ ನಿಲ್ಲುವುದು ನನಗೇನೂ ಹೊಸದಲ್ಲ. ಆದರೆ ಅಂದು ನಾನು ಹೆದರಿದ್ದೆ. ನನ್ನ ಅಂದಾಜು ತಪ್ಪಾಗಿದ್ದರೆ ಬೇರೆ ಕಾರಣವೊಂದು ಒಳಗೊಳಗೇ ಆಕೆಯನ್ನು ತಿನ್ನುತ್ತಿರಬಹುದಿತ್ತು. ಬಹಳ ಹೊತ್ತಾದ ಮೇಲೆ ಬಿ.ಪಿ. ನೂರು ದಾಟಿತು. ಆಕೆ ಕಣ್ಣು ಬಿಟ್ಟು, "ಹಸಿವಾಗತ್ತೆ ಡಾಕ್ಟ್ರಮ್ಮಾ," ಎಂದರು. ವಾರದಿಂದ ಆ ಮಾತು ಆಡಿರಲಿಲ್ಲವೆಂದು ಮಗ ಕಣ್ಣೊರೆಸಿಕೊಂಡ.

ನನ್ನ ಉಪಚಾರ ಫಲಿಸಿದ್ದೇ ನನಗೆ ಮುಳುವಾಯಿತು. ಸರ್ಜನ್ ಬಂದು ಮಾನಿಟರ್ ನೋಡಿದರು. "ಭೇಷ್! ಬಿ.ಪಿ. ಬಂತಲ್ಲ. ತಗೊಳ್ಳೋಣ."

ಅವರನ್ನು ಕೈ ತೊಳೆಯುವ ಸಿಂಕಿನ ಹತ್ತಿರ ಕರೆದು ಪುಡಿಯ ವಿಷಯ ಹೇಳಿದೆ, ಮಗನಿಗೆ ತಿಳಿಯಬಾರದೆಂದೂ ಹೇಳಿದೆ.

"ಸರಿ, ಸ್ಟೀರಾಯ್ಡ್ ಕೊಟ್ಟಿದ್ದೀರಲ್ಲ. ಕವರ್ ಆಯ್ತು. ಇನ್ನೇನು?"

"ಸರ್, ಪೊಟ್ಯಾಸಿಯಂ ರಿಪೋರ್ಟ್ ಇನ್ನೂ ಬಂದಿಲ್ಲ. ಒಂದು ವಾರ ವಾಂತಿ ಮಾಡಿ ಒಣಗಿಹೋಗಿದಾರೆ. ಬಿ.ಪಿ. ಬಂದು ಇನ್ನೂ ಬಿಸಿ ಆರಿಲ್ಲ. ಟೇಬಲ್ ಮೇಲೆ ಬಿದ್ದರೆ ಇಲ್ಲಿ ವೆಂಟಿಲೇಟರ್ ಇಲ್ಲ, ಶಿವಮೊಗ್ಗಕ್ಕೇ ಓಡಬೇಕು. ಇದು ಎಮರ್ಜೆನ್ಸಿ ಕೇಸಲ್ಲ. ಇವತ್ತು ಬೇಡ."

ಅವರೇನು ಕೆಟ್ಟವರಲ್ಲ. ಅವರ ಮಾತಿನಲ್ಲೂ ಹುರುಳಿತ್ತು. ಪಿತ್ತಕೋಶ ಇನ್ನೊಮ್ಮೆ ಕೆರಳಿ ಕೀವಾದರೆ ಆಗ ಮಾಡುವ ಆಪರೇಷನ್ ಇದಕ್ಕಿಂತ ಕಷ್ಟದ್ದು. ಲ್ಯಾಪ್ರೋಸ್ಕೋಪಿ ಸೆಟ್ಟು ಬೇರೆ ಬಾಡಿಗೆಗೆ ಶಿವಮೊಗ್ಗದಿಂದ ಬಂದು ಕೂತಿತ್ತು. "ಯಾವುದೋ ಪುಡಿ, ಯಾರೋ ಹೇಳಿದ್ದು. ಅನುಮಾನಕ್ಕೆಲ್ಲ ಕೇಸ್ ಮುಂದೂಡ್ತಾ ಹೋದ್ರೆ ನಾನು ಬಾಗಿಲು ಹಾಕ್ಬೇಕು," ಎಂದರು. ಆಮೇಲೆ ಬಹಳ ಮೃದುವಾಗಿ, "ನಿಮಗೆ ಧೈರ್ಯ ಬರದಿದ್ರೆ ಪರವಾಗಿಲ್ಲ ಮೇಡಂ. ಬೇರೆಯವರನ್ನ ಕರೆಸ್ತೀನಿ," ಎಂದರು.

ಆ ಬೇರೆಯವರು ಯಾರೆಂದು ನನಗೆ ಗೊತ್ತಿತ್ತು.

ಪೆಟ್ಟಿಗೆ ಎತ್ತಿಕೊಂಡು ಬಂದು ಕಾರಿನಲ್ಲಿ ಕೂತೆ. ನಮ್ಮ ಕೆಲಸದ ಕಷ್ಟವೇ ಇದು. ಬೇಡ ಎನ್ನಬಹುದು, ಆದರೆ ನನ್ನ ಬೇಡಕ್ಕೆ ಬೆಲೆ ಬರುವುದು ಮುಂದಿನವರೂ ಬೇಡ ಅಂದಾಗ ಮಾತ್ರ. ಇಲ್ಲದಿದ್ದರೆ ನಾನು ಕೈ ತೊಳೆದುಕೊಂಡ ಹಾಗೆ, ಆ ಹೆಂಗಸು ಟೇಬಲ್ ಮೇಲೆ ಹೋದ ಹಾಗೆ. ಫೋನ್ ತೆಗೆದು ಆ ಹಿರಿಯರ ನಂಬರ್ ನೋಡುತ್ತ ಕೂತೆ. ಅವರಿಗೆ ಫೋನ್ ಮಾಡಿದರೆ, ಕೇಸು ಕೈತಪ್ಪಿದ ಹೊಟ್ಟೆಕಿಚ್ಚಿಗೆ ಅಡ್ಡಗಾಲು ಹಾಕುತ್ತಿದ್ದಾಳೆ ಎಂದುಕೊಳ್ಳಬಹುದು. ಫೋನ್ ಎತ್ತದೆಯೂ ಇರಬಹುದು. ಪ್ರಪಂಚದಲ್ಲಿ ನನ್ನ ಮಾತು ಅರ್ಥವಾಗಬಲ್ಲ ಒಬ್ಬರೇ ಒಬ್ಬರು ನನ್ನೊಡನೆ ಮಾತು ಬಿಟ್ಟವರಾಗಿದ್ದರು. ನನಗೆ ದುಃಖ ಉಕ್ಕಿ ಬಂತು. ಅದು ಇಳಿಯುವ ತನಕ ಕಾಯಲು ಪುರುಸೊತ್ತಿರಲಿಲ್ಲ. ಫೋನ್ ಮಾಡಿದೆ.

"ಹೇಳಿ," ಎಂದರು. ಹಿಂದೆ ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದರು.

"ಸರ್, ಭದ್ರಾವತಿ ಕೇಸಿನ ವಿಷಯ."

"ಈಗ ತಾನೇ ಫೋನ್ ಬಂತು. ಹೊರಟಿದೀನಿ."

"ಎರಡು ನಿಮಿಷ ಕೇಳಿ ಸರ್. ಆಮೇಲೆ ನಿಮ್ಮಿಷ್ಟ."

ವಾಂತಿಯಿಂದ ಹಿಡಿದು ಒಂದೇ ಅಚ್ಚಿನ ಎರಡು ಮುಖಗಳವರೆಗೆ ಒಂದನ್ನೂ ಬಿಡದೆ ಹೇಳಿದೆ, ಹಳೆಯ ಕಾಲದಲ್ಲಿ ಅವರಿಗೆ ಕೇಸ್ ಒಪ್ಪಿಸುತ್ತಿದ್ದ ಹಾಗೆಯೇ. ಅವರು ನಡುವೆ ಒಂದೇ ಪ್ರಶ್ನೆ ಕೇಳಿದರು. "ಹೈಡ್ರೋಕಾರ್ಟಿಸೋನ್ ಕೊಡೋಕೆ ಮುಂಚೆ ರಕ್ತ ತೆಗೆದ್ಯಾ?"

"ತೆಗ್ದೆ ಸರ್."

"ಹ್ಞೂಂ," ಎಂದು ಫೋನ್ ಇಟ್ಟುಬಿಟ್ಟರು. ಬರುತ್ತಾರೋ ಇಲ್ಲವೋ, ಬಂದರೆ ಏನು ಮಾಡುತ್ತಾರೋ ಹೇಳಲಿಲ್ಲ.

ನಾನು ಅಲ್ಲೇ ಕೂತಿದ್ದೆ. ಡಬ್ಬಿಯಲ್ಲಿ ಚಿತ್ರಾನ್ನವಿತ್ತು, ತಿನ್ನಲಾಗಲಿಲ್ಲ. ಅವರ ಕಾರು ಬಂತು. ನನ್ನ ಕಾರಿನ ಪಕ್ಕದಲ್ಲೇ ನಿಲ್ಲಿಸಿ, ನನ್ನ ಕಡೆ ತಲೆ ಕೂಡ ತಿರುಗಿಸದೆ ಮೆಟ್ಟಿಲು ಹತ್ತಿದರು. ಅವರ ಕೈಯಲ್ಲಿ ಪೆಟ್ಟಿಗೆ ಇತ್ತು. ಪೆಟ್ಟಿಗೆ ತಂದಿದ್ದಾರೆಂದರೆ ಮಾಡಲೆಂದೇ ಬಂದಿದ್ದಾರೆ. ಎಷ್ಟೋ ಹೊತ್ತಾದ ಮೇಲೆ ಇಳಿದು ಬಂದರು, ಪೆಟ್ಟಿಗೆ ಹಿಂದಿನ ಸೀಟಿಗೆ ಹಾಕಿದರು, ಗಾಜು ಇಳಿಸದೆ ಹೊರಟುಹೋದರು. ಅವರ ಹಿಂದೆಯೇ ನರ್ಸ್ ಓಡಿಬಂದಳು. "ಕ್ಯಾನ್ಸಲ್ ಮೇಡಂ! ದೊಡ್ಡ ಡಾಕ್ಟ್ರೂ ಬೇಡ ಅಂದ್ರು. ಶಿವಮೊಗ್ಗಕ್ಕೆ ಫಿಸಿಷಿಯನ್ ಹತ್ರ ಕಳಿಸ್ಬೇಕಂತೆ."

ಮರುದಿನ ಕಾರ್ಟಿಸಾಲ್ ರಿಪೋರ್ಟ್ ಬಂತು. ಇರಬೇಕಾದ್ದರಲ್ಲಿ ಅದು ಹೆಸರಿಗೆ ಮಾತ್ರ ಇತ್ತು. ಸೋಡಿಯಂ ಕೂಡ ಇಳಿದಿತ್ತು. ಫಿಸಿಷಿಯನ್ ಬಿಳಿಯದೊಂದು ಸ್ಟೀರಾಯ್ಡ್ ಮಾತ್ರೆ ಶುರುಮಾಡಿದರು. ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಹೊಸದಾಗಿ ಲೆಕ್ಕ ಹಾಕಿದರು. ಕೆಲವು ವಾರ ಬಿಟ್ಟು, ತಕ್ಕ ತಯಾರಿಯೊಂದಿಗೆ ಆಪರೇಷನ್ ಮಾಡಬಹುದೆಂದರು. ಅಷ್ಟೂ ದಿನ ಆ ಅಮ್ಮ ನನಗೆ ಫೋನ್ ಮಾಡುತ್ತಿದ್ದರು. ನನ್ನ ನಂಬರನ್ನು ನಾನೇ ಕೊಟ್ಟಿದ್ದೆ. "ಬಿಳಿ ಮಾತ್ರೆ ನುಂಗಿದೆ ಡಾಕ್ಟ್ರಮ್ಮಾ. ನಿಮ್ದು ಊಟ ಆಯ್ತಾ?" ಇಷ್ಟೇ ಮಾತು. ನನ್ನ ಊಟದ ವಿಷಯ ಕೇಳುವವರೊಬ್ಬರು ದಿನಕ್ಕೊಮ್ಮೆ ಇದ್ದಾರೆಂಬುದು ನನಗೆ ಬೇಗ ಅಭ್ಯಾಸವಾಗಿಬಿಟ್ಟಿತು. ಆಪರೇಷನ್ ದಿನ ಗೊತ್ತಾದ ಕೂಡಲೇ ಆಕೆಗೆ ಪಾಠ ಒಪ್ಪಿಸುವಂತೆ ಹೇಳಿಸಿದೆ. ಬೆಳಿಗ್ಗೆ ಬಿಳಿ ಮಾತ್ರೆ ತಪ್ಪಿಸುವ ಹಾಗಿಲ್ಲ, ಒಂದು ಗುಟುಕು ನೀರಿನಲ್ಲಿ ನುಂಗಬೇಕು. ಸಕ್ಕರೆಯದು ಬೇಡ. ಒಳಗೆ ಹೋದ ಮೇಲೆ ಇಂಜೆಕ್ಷನ್ನಿನಲ್ಲಿ ಇನ್ನಷ್ಟು ಸ್ಟೀರಾಯ್ಡ್ ಕೊಡುತ್ತಾರೆ, ಹೆದರಬಾರದು.

"ನೀವೇ ಬರ್ತೀರಲ್ಲ, ನನಗ್ಯಾಕೆ ಹೆದರಿಕೆ?" ಎಂದರು.

ನಾನು ಹೋಗಲಿಲ್ಲ, ನನ್ನನ್ನು ಯಾರೂ ಕರೆಯಲಿಲ್ಲ. ಸರ್ಜನ್ ಆ ಹಿರಿಯರನ್ನೇ ಕರೆದರು. ಬೇಡ ಎಂದವರು ನಾವಿಬ್ಬರೂ. ಅವರು ಹೇಳಿದ್ದು ಸಲಹೆಯಾಯಿತು, ನಾನು ಹೇಳಿದ್ದು ಹಟವಾಯಿತು. ಇದರ ಬಗ್ಗೆ ಜಗಳವಾಡುವ ವಯಸ್ಸು ನನ್ನದು ಹೋಗಿದೆ, ಸಿಟ್ಟು ಮಾತ್ರ ಹೋಗಿಲ್ಲ. ಆ ಬೆಳಿಗ್ಗೆ ಶಿವಮೊಗ್ಗದಲ್ಲಿ ಇನ್ಯಾರದೋ ಹರ್ನಿಯಾಕ್ಕೆ ಬೆನ್ನಿಗೆ ಸೂಜಿ ಕೊಟ್ಟು ಕೂತಿದ್ದೆ. ಫೋನ್ ಸುಮ್ಮನಿತ್ತು. ನನ್ನ ಕಡೆ ನೋಡದೆ ಹೋದ ಮನುಷ್ಯನಿಗೆ ಏನಾಯಿತೆಂದು ಕೇಳುವುದು ಹೇಗೆ? ಮಧ್ಯಾಹ್ನ ನರ್ಸ್ ಒಬ್ಬಳೇ ಮೆಸೇಜ್ ಮಾಡಿದಳು, ಪೇಷಂಟ್ ಚೆನ್ನಾಗಿದ್ದಾರೆಂದು. ಮನೆಗೆ ಬಂದು ಅತ್ತೆ. ಕೇಸು ಹೋದದ್ದಕ್ಕಲ್ಲ. ಮಂಪರು ಹತ್ತುವ ಮುಂಚೆ ಆಕೆ ಹುಡುಕಿದ ಮುಖ ನನ್ನದಾಗಿರಬೇಕು, ನಾನು ಅಲ್ಲಿರಲಿಲ್ಲ.

ಆಮೇಲೆ ಆಕೆಯ ಫೋನೂ ನಿಂತುಹೋಯಿತು. ಕೋಪ ಬಂದಿರಬೇಕೆಂದು ನಾನೂ ಮಾಡಲಿಲ್ಲ.

ಕೆಲವು ವಾರ ಕಳೆದ ಮೇಲೆ ಬೇರೊಂದು ಕೇಸಿಗೆ ಭದ್ರಾವತಿಗೆ ಹೋದವಳು ಮನಸ್ಸು ತಡೆಯದೆ ಆ ಕ್ವಾರ್ಟರ್ಸ್ ಹುಡುಕಿಕೊಂಡು ಹೋದೆ. ಬೀಗ ಬಿದ್ದ ಮನೆಗಳ ಸಾಲಿನಲ್ಲಿ ಒಂದು ಬಾಗಿಲ ಮುಂದೆ ಇಬ್ಬರೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಮುಸ್ಲಿಂ ಅಮ್ಮ ಮುಖ ತಿರುಗಿಸಿದರು. ತಮಿಳಿನಾಕೆಯೇ ಕುರ್ಚಿ ಬಿಟ್ಟುಕೊಟ್ಟು ಸುದ್ದಿ ಹೇಳಿದರು. ಪುಡಿಯ ವಿಷಯವನ್ನು ಕೊನೆಗೆ ಆಕೆಯೇ ಆ ಮಗನಿಗೆ ಹೇಳಿದ್ದರು. ಅವನು ಒಂದಷ್ಟು ದಿನ ಮಾತು ಬಿಟ್ಟನಂತೆ. ಆಮೇಲೆ ಒಂದು ಬೆಳಿಗ್ಗೆ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿ, "ಹತ್ತಿ ಆಂಟಿ, ನಿಮ್ದೂ ರಕ್ತ ಪರೀಕ್ಷೆ ಆಗ್ಬೇಕು," ಎಂದನಂತೆ. ಈಗ ಆಕೆಗೂ ಫಿಸಿಷಿಯನ್ ಲೆಕ್ಕದಲ್ಲೇ ಮಾತ್ರೆ. ಮಂಡಿನೋವು ಇಬ್ಬರಿಗೂ ವಾಪಸು ಬಂದಿತ್ತು.

"ನಮಾಜಿಗೂ ಕುರ್ಚಿ ಮೇಲೇ ಕೂರ್ಬೇಕು," ಎಂದು ಮುಸ್ಲಿಂ ಅಮ್ಮ ಗೋಡೆಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ನೀವ್ಯಾಕೆ ಬರ್ಲಿಲ್ಲ?"

ಕರೆಯಲಿಲ್ಲ ಎನ್ನುವ ಬದಲು ಒಂದು ಬೆಳ್ಳುಳ್ಳಿ ಎಸಳು ಎತ್ತಿಕೊಂಡು ಸುಲಿಯತೊಡಗಿದೆ.

"ನಾನು ಟೇಬಲ್ ಮೇಲೆ ಮಲಗಿ ಬಾಗಿಲೇ ನೋಡ್ತಿದ್ದೆ. ಆ ದೊಡ್ಡ ಡಾಕ್ಟ್ರು ಸೂಜಿ ಹಿಡ್ಕೊಂಡು ಬಂದ್ರು. ನಾನು ಕೈ ಕೊಡ್ಲಿಲ್ಲ. ನಮ್ ಡಾಕ್ಟ್ರಮ್ಮ ಬರೋವರೆಗೂ ಆಗಲ್ಲ ಅಂದೆ. ಎಲ್ರೂ ಬೈದ್ರು. ನಾನು ಕೊಡ್ಲೇ ಇಲ್ಲ."

"ಆಮೇಲೆ?"

"ಆಮೇಲೆ ಅವ್ರು ಸ್ಟೂಲ್ ಎಳ್ಕೊಂಡು ಪಕ್ಕದಲ್ಲಿ ಕೂತ್ರು. 'ನಿಮ್ ಡಾಕ್ಟ್ರಮ್ಮನೇ ನನ್ನ ಕಳ್ಸಿರೋದು. ನಿಮ್ ವಿಷಯ ಒಂದೂ ಬಿಡದೆ ಹೇಳಿ ಕಳ್ಸಿದಾಳೆ. ಸರಿಯಾಗಿ ನೋಡ್ಕೊಳ್ದಿದ್ರೆ ನನ್ನ ಸುಮ್ನೆ ಬಿಡಲ್ಲ ಅವ್ಳು' ಅಂದ್ರು. ಅದಕ್ಕೇ ಕೈ ಕೊಟ್ಟೆ." ಆಕೆ ಬೆಳ್ಳುಳ್ಳಿಯ ಕೈಯಲ್ಲೇ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದರು. "ನಿಜಾನಾ? ನೀವೇ ಕಳ್ಸಿದ್ದಾ ಅವ್ರನ್ನ?"

"ಹೌದಮ್ಮಾ," ಎಂದೆ. "ನಾನೇ ಕಳ್ಸಿದ್ದು."